ದೀಪಕ್ಕೊಂದು ಟೋಪಿ

"ದಯವಿಟ್ಟು ಆ ದೀಪ ಸರಿಮಾಡ್ಬೇಡಿ."

ಏಣಿಯ ತುದಿಯಲ್ಲಿದ್ದ ಅವಳು ಬಗ್ಗಿ ನೋಡಿದಳು. ಕೆಳಗೆ ನಿಂತಿದ್ದವನು ಎದುರಿನ ಶಾಲೆಯ ವಿಜ್ಞಾನದ ಮೇಷ್ಟ್ರು.

ಅವಳು ಬೀದಿದೀಪ ರಿಪೇರಿ ಮಾಡುವವಳು, ಊರಿಗೆಲ್ಲ 'ಕರೆಂಟಕ್ಕ'. ಒಂದೇ ತಿಂಗಳಲ್ಲಿ ಇದೇ ಬಲ್ಬು ಮೂರು ಸಲ ಒಡೆದು ಅವಳ ತಲೆ ಕೆಟ್ಟುಹೋಗಿತ್ತು.

"ಓಹೋ... ಒಡೀತಿರೋರು ನೀವೇನಾ?"

"ಅಯ್ಯೋ, ನಾನಲ್ಲ. ಆದ್ರೆ ಇದು ಆರಿದ ದಿನ ನಕ್ಷತ್ರ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ? ಮಕ್ಕಳಿಗೆ ತೋರಿಸ್ಬೇಕು..."

'ಎಷ್ಟು ನಯವಾಗಿ ಸುಳ್ಳು ಹೇಳ್ತಾನೆ...'

ಆದರೂ ಆ ಕಣ್ಣುಗಳ ಉತ್ಸಾಹ ಕಂಡು ಅವಳ ಎದೆ ಯಾಕೋ ಡವಡವ ಎಂದಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅಂದೇ ಮುಖ್ಯೋಪಾಧ್ಯಾಯಿನಿಗೆ ದೂರು ಬರೆದುಕೊಟ್ಟಳು.

ಮೇಷ್ಟ್ರ ಕೈಗೆ ನೋಟಿಸು ಬಂತು. ಸೋಮವಾರ ಸರಿಯಾದ ಉತ್ತರ ಕೊಡದಿದ್ದರೆ ಕೆಲಸವಿಲ್ಲ.

ಭಾನುವಾರ ಸಂಜೆ, ದೀಪ ಹೊತ್ತಿದ ಮೇಲೆ ಮಳೆ ಸುರಿಯಿತು. ಅಂಗಡಿಯ ಸೂರಿನಡಿ ನಿಂತಿದ್ದ ಅವಳ ಕಣ್ಣೆದುರೇ ಬಲ್ಬು ಟಪ್ ಎಂದು ಒಡೆಯಿತು. ಹತ್ತಿರದಲ್ಲಿ ನರಪಿಳ್ಳೆಯೂ ಇರಲಿಲ್ಲ!

ಮಳೆ ನಿಂತದ್ದೇ ಏಣಿ ಹತ್ತಿದಳು. ದೀಪದ ಗೂಡಿನೊಳಗೆ ನೀರು. ನೀರು ತಡೆಯಲೆಂದು ಹಿಂದಿನ ತಿಂಗಳು ತಾನೇ ಹಾಕಿದ್ದ ರಬ್ಬರು ಪಟ್ಟಿ ಸರಿಯಾಗಿ ಕೂತಿರಲಿಲ್ಲ. ಕಾದ ಗಾಜಿಗೆ ಹನಿ ಬಿದ್ದರೆ ಒಡೆಯದೆ ಇನ್ನೇನು?



'ಹೇಳಿದ್ರೆ ನನ್ನ ಹೆಸರಿಗೆ ಮಸಿ. ಹೇಳ್ದಿದ್ರೆ ಅವನ ಅನ್ನಕ್ಕೆ ಕಲ್ಲು...'

ಮರುದಿನ ಬೆಳಗ್ಗೆ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಅವನು ತಲೆತಗ್ಗಿಸಿ ಕೂತಿದ್ದಾಗ, ಅವಳು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು.

"ತಪ್ಪು ನಂದು ಮೇಡಂ. ಮೇಷ್ಟ್ರದ್ದು ಏನೂ ಇಲ್ಲ. ನಮ್ಮ ಆಫೀಸಿಗೂ ಬರೆದುಕೊಟ್ಟು ಬಂದಿದ್ದೀನಿ."

ಅವನು ಎವೆಯಿಕ್ಕದೆ ಅವಳನ್ನೇ ನೋಡಿದ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಮಧ್ಯಾಹ್ನ ಹೊಸ ಪಟ್ಟಿ ಕೂರಿಸಿ, ತಗಡು ಕತ್ತರಿಸಿ ದೀಪಕ್ಕೊಂದು ಟೋಪಿ ತೊಡಿಸಿದಳು. ಇನ್ನು ಬೆಳಕೆಲ್ಲ ರಸ್ತೆಗೆ. ಮೇಲಕ್ಕೆ ಒಂದು ಚೂರೂ ಇಲ್ಲ.

ಕತ್ತಲಾಗುತ್ತಲೇ ಶಾಲೆಯ ತಾರಸಿಯಿಂದ ಮಕ್ಕಳ ಕೇಕೆ ಕೇಳಿಸಿತು. ಅವಳು ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ತಲೆಯೆತ್ತಿದರೆ... ಆಕಾಶದ ತುಂಬ ನಕ್ಷತ್ರ.

"ಇವತ್ತು ಯಾಕೆ ಇಷ್ಟೊಂದು ಹೊಳೀತಿವೆ?"

"ನಿನ್ನೆ ಮಳೆ ಧೂಳನ್ನೆಲ್ಲ ತೊಳೆದಿದೆ. ಚಂದ್ರ ಇಲ್ಲ. ನಿಮ್ಮ ದೀಪನೂ ಕಣ್ಣಿಗೆ ಹೊಡೀತಿಲ್ಲ," ಎಂದ ಮೇಷ್ಟ್ರು. "ಅವು ದಿನಾ ಅಷ್ಟೇ ಬೆಳಕು ಕೊಡುತ್ವೆ... ನಮಗೆ ತಲುಪೋದು ಮಾತ್ರ ಹೆಚ್ಚು ಕಮ್ಮಿ."

"ನನ್ನ ಮೇಲೆ ಕೋಪ ಇಲ್ವಾ?"

"ಇತ್ತು, ಬೆಳಗ್ಗೆವರೆಗೂ. ಆಮೇಲೆ... ಇಡೀ ದಿನ ಒಂದು ಪಾಠನೂ ನೆಟ್ಟಗೆ ಮಾಡ್ಲಿಲ್ಲ ನಾನು. ಬರೀ ನೀವೇ ತಲೇಲಿ."

ಅವಳ ಕೆನ್ನೆ ಬಿಸಿಯಾಯಿತು. 'ಸದ್ಯ, ಕತ್ತಲಿದೆ...'

"ನಿಮ್ಮನೇಲಿ ನಾನು ಯಾರ ಹತ್ರ ಮಾತಾಡ್ಬೇಕು?" ಅವನು ಮೆಲ್ಲಗೆ ಕೇಳಿದ.

"ದೊಡ್ಡಮ್ಮನ ಹತ್ರ. ಆದ್ರೆ... ಮೊದ್ಲು ನನ್ನ ಹತ್ರ ಮಾತಾಡಿ."

"ಈಗ್ಲೇನಾ?"

"ಮಕ್ಕಳನ್ನ ಮನೆ ಸೇರಿಸಿ ಬನ್ನಿ. ಕಾಯ್ತೀನಿ."

ಅವಳು ತಾರಸಿಯ ಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟಳು.