ಅರವತ್ತಮೂರು ಸಲ

"ನಿಲ್ರಿ. ಹಣಿ ತೋರಿಸ್ರಿ."

ಚರ್ಚಿನ ಗೇಟು ತೆರೆಯಲು ಒಳಗಿನಿಂದ ಬಂದ ಜೈವಂತ ಅಲ್ಲೇ ನಿಂತ. ಕಸ್ತೂರಿ ಜ್ವರ ನೋಡುವ ಮಷಿನನ್ನು ಅವನ ಹಣೆಗೆ ಹಿಡಿದಳು. ಅವನು ಕಣ್ಣು ಮುಚ್ಚಿದ.

ಹದಿನಾರು ತಿಂಗಳಿಂದ ಅವಳು ನೋಡಿದ್ದು ಬರೀ ಹಣೆಗಳನ್ನೇ. ಯಾವ ಹಣೆ ಯಾರದೆಂಬುದೂ ಮರೆತುಹೋಗಿತ್ತು. ಈ ಒಂದು ಹಣೆ ಮಾತ್ರ ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು...

"ತೊಂಬತ್ತೇಳು ಪಾಯಿಂಟ್ ಆರು."

"ಅಂದ್ರ ಬದುಕೀನಿ ಅಂದಂಗಾತು."

"ಜ್ವರ ಇಲ್ಲ ಅಂತಷ್ಟ ಹೇಳ್ತದ ಇದು. ಬದುಕಿದ್ದು ಸತ್ತದ್ದು ಹೇಳಂಗಿಲ್ಲ."

ಎರಡೂವರೆ ತಿಂಗಳ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಇಷ್ಟೇ. ಅದರಲ್ಲೂ ಅವಳು 'ನೀ' ಬಿಟ್ಟು 'ರೀ'ಗೆ ಬಂದಿದ್ದಳು.

ಎರಡನೇ ಅಲೆ ಇಳಿದು, ದೇವರ ಮನೆಗಳ ಬಾಗಿಲು ತೆರೆಯಬಹುದೆಂದು ಸರ್ಕಾರ ಹೇಳಿ ಒಂದು ವಾರವಾಗಿತ್ತು. ಶಹಾಪುರದ ಈ ಹಳೆಯ ಚರ್ಚಿನಲ್ಲಿ ನಾಳೆ ಭಾನುವಾರ ಮೊದಲ ಆರಾಧನೆ. ಆದರೆ ಸಭಾಪಾಲಕ ಅಯ್ಯನವರು ಫೋನಿನಲ್ಲಿ ಒಂದೇ ಮಾತು ಹಿಡಿದಿದ್ದರು: "ಕಸ್ತೂರಿ, ನೀ ಬಂದು ನೋಡಿ ಹೂಂ ಅಂದ್ರಷ್ಟ ಬಾಗಿಲಾ ತೆಗಿತೀವಿ. ನೀ ಬ್ಯಾಡ ಅಂದ್ರ ಬ್ಯಾಡ."

ಅವಳು ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಬೆಳಗಿನ ಪಾಳಿ ಮುಗಿಸಿ ಬಸ್ಸು ಹತ್ತಿದವಳು ಕೂತಲ್ಲೇ ನಿದ್ದೆಹೋಗಿ, ಶಹಾಪುರದಲ್ಲಿ ಕಂಡಕ್ಟರು ಸೀಟು ಬಡಿದಾಗಲೇ ಎದ್ದಿದ್ದಳು. ಇತ್ತೀಚೆಗೆ ಅವಳ ನಿದ್ದೆಗೂ ಎಚ್ಚರಕ್ಕೂ ನಡುವೆ ಬೇಲಿಯೇ ಇರಲಿಲ್ಲ.

ಜೈವಂತ ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಚರ್ಚಿನ ಕಾರ್ಯದರ್ಶಿಯೂ ಅವನೇ, ಹಾರ್ಮೋನಿಯಂ ನುಡಿಸುವವನೂ ಅವನೇ, ಗಂಟೆ ಬಾರಿಸುವವನೂ ಅವನೇ. ಹೋದ ಕ್ರಿಸ್ಮಸ್ಸಿನಲ್ಲಿ ಅವರಿಬ್ಬರ ಮದುವೆಯ ಮಾತು ಮುಗಿದಿತ್ತು. ಮೇ ತಿಂಗಳಲ್ಲಿ ಮದುವೆ.

ಮೇ ತಿಂಗಳಲ್ಲಿ ಕಸ್ತೂರಿಯ ಅವ್ವ ಶೇಖಮ್ಮ ಹೋದಳು.

ಮೂರನೇ ದಿನ ಕಸ್ತೂರಿ ಜೈವಂತನಿಗೆ ಒಂದು ಸಾಲು ಕಳಿಸಿದ್ದಳು. 'ಇನ್ನ ಮುಂದ ಮಾತು ಬ್ಯಾಡ.' ಅವನು ಯಾಕೆಂದು ಕೇಳಲಿಲ್ಲ. ಕೇಳಲಿಲ್ಲವೆಂಬುದೂ ಅವನ ಲೆಕ್ಕಕ್ಕೆ ಇನ್ನೊಂದು ತಪ್ಪಾಗಿ ಸೇರಿತು.

ಒಳಗೆ ಸಾಯಬಮ್ಮ ನೆಲ ಒರೆಸುತ್ತಿದ್ದಳು. ಮೂವತ್ತು ವರ್ಷದಿಂದ ಚರ್ಚಿನ ಕಸ ಹೊಡೆಯುವ ಮುದುಕಿ. ಅಂಗಳದಲ್ಲಿ ಜೈವಂತ ಸುಣ್ಣದಿಂದ ದುಂಡಗೆ ಗುರುತು ಹಾಕಿಟ್ಟಿದ್ದ. ಗುರುತಿನಿಂದ ಗುರುತಿಗೆ ಆರು ಫೂಟು. ಕಸ್ತೂರಿ ಹೆಜ್ಜೆಯಿಂದ ಅಳೆದು ನೋಡಿದಳು. ಒಂದೂ ತಪ್ಪಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

"ಬರ್ಕೋರಿ," ಅಂದಳು.

ಅವನು ಪೆನ್ನು ತೆಗೆದ.

"ಒಂದ ಸಲಕ್ಕ ಮೂವತ್ತು ಮಂದಿ. ಕಿಟಕಿ ಎಲ್ಲಾ ತೆಗೀಬೇಕು. ಹಾಡು ಬಾಯಿಲೆ ಬ್ಯಾಡ, ಹಾರ್ಮೋನಿಯಂ ಅಷ್ಟ. ಪ್ರಭುಭೋಜನದಾಗ ಎಲ್ಲರೂ ಒಂದ ಬಟ್ಟಲದಾಗ ರೊಟ್ಟಿ ಅದ್ದಂಗಿಲ್ಲ. ಒಂದ ಮನಿಯವ್ರು ಕೂಡಿ ಕುಂಡ್ರಬಹುದು, ಉಳಿದವ್ರ ನಡುವ ಆರು ಫೂಟು."

"ಒಂದ ಮನಿ ಅಂದ್ರ?"

"ಒಂದ ಒಲಿ ಮ್ಯಾಲಿನ ಅನ್ನ ಉಣ್ಣೋರು."

"ಹೂಂ," ಎಂದು ಬರೆದುಕೊಂಡ.

ಮೂಲೆಯಲ್ಲಿ ಕೌದಿಗಳ ರಾಶಿ ಇತ್ತು. ಈ ಚರ್ಚಿನಲ್ಲಿ ಬೆಂಚುಗಳಿಲ್ಲ. ಹೆಂಗಸರು ಹಳೆಯ ಸೀರೆಯ ತುಂಡು ಕೂಡಿಸಿ, ಕೂತುಕೊಳ್ಳುವಷ್ಟೇ ಅಗಲದ ಪುಟ್ಟ ಕೌದಿ ಹೊಲಿದು ಇಲ್ಲೇ ಇಟ್ಟಿರುತ್ತಾರೆ. ಯಾರ ಕೌದಿ ಯಾರದೆಂದು ಕಣ್ಣು ಮುಚ್ಚಿ ಹೇಳುತ್ತಾರೆ.

"ಇವನ್ನೆಲ್ಲಾ ಅವರವರ ಮನಿಗೆ ಕಳಸ್ರಿ. ಒಗದು ತರಲಿ."

ಅವಳೇ ಒಂದೊಂದಾಗಿ ಎತ್ತಿಟ್ಟಳು. ಇಪ್ಪತ್ತು... ಇಪ್ಪತ್ತೈದು... ರಾಶಿ ಮುಗಿಯಿತು. ಅವ್ವನ ಕೌದಿ ಇರಲಿಲ್ಲ.

ಹಸಿರು ಸೀರೆ, ಅದರ ನಡುವೆ ಕಸ್ತೂರಿಯ ಶಾಲೆಯ ಲಂಗದ ಹಳದಿ ಚುಕ್ಕಿಯ ತುಂಡು. ಅಷ್ಟೊಂದು ಸಲ ಆ ಚುಕ್ಕಿಗಳ ಮೇಲೆ ತಲೆಯಿಟ್ಟು ಪ್ರಾರ್ಥನೆಯ ನಡುವೆ ಮಲಗಿದ್ದಳು ಅವಳು.

"ನಮ್ಮವ್ವನ ಕೌದಿ ಎಲ್ಲದ?"

ಜೈವಂತ ಪೆನ್ನಿನ ಮುಚ್ಚಳ ಹಾಕಿದ. ತೆಗೆದ. ಮತ್ತೆ ಹಾಕಿದ.

"ಸುಟ್ರೇನು? ರೋಗದ ಕೌದಿ ಅಂತ?"

"ಸುಟ್ಟಿಲ್ಲ."

"ಮತ್ತ?"

ಅವನು ಎತ್ತಿಟ್ಟ ಕೌದಿಗಳ ಅಂಚು ಸರಿಮಾಡಿದ.

ಅವಳಿಗೆ ಕೂಗಬೇಕೆನಿಸಿತು. ಕೂಗುವಷ್ಟು ಶಕ್ತಿಯಿರಲಿಲ್ಲ. ಗೋಡೆಗೆ ಒರಗಿ ಮೆಲ್ಲಗೆ ಅಂದಳು: "ಗಂಟಿ ಬಾರಿಸಲಿಲ್ಲ. ಕೌದಿನೂ ಇಟ್ಕೊಳ್ಳಲಿಲ್ಲ. ನಮ್ಮವ್ವ ಈ ಸಭಾದಾಕಿ ಅಲ್ಲೇನು?"

ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ಎರಡೂವರೆ ತಿಂಗಳಿಂದ ಹೇಳದೆ ಉಳಿದದ್ದು ಇದೇ.

ಈ ಚರ್ಚಿನ ಪದ್ಧತಿ ಓಣಿಗೆಲ್ಲ ಗೊತ್ತು. ಸಭೆಯವರು ಯಾರಾದರೂ ತೀರಿಕೊಂಡರೆ ಅವರ ವಯಸ್ಸಿನಷ್ಟು ಸಲ ಗಂಟೆ. ಚರ್ಚಿಗೆ ಬರದವರೂ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಎಣಿಸುತ್ತಾರೆ. 'ಎಪ್ಪತ್ತೆಂಟಾತು ನೋಡವ್ವಾ, ಅಂದ್ರ ಸಾಮುವೇಲಪ್ಪನ ಇರಬೇಕು' ಅನ್ನುತ್ತಾರೆ. ಹೋದ ವರ್ಷ ಆಗಸ್ಟಿನಲ್ಲಿ ಸಾಮುವೇಲಪ್ಪನಿಗೆ ಬಾರಿಸಿದ್ದೇ ಕೊನೆ. ಆಮೇಲೆ ಸಭೆಯಲ್ಲಿ ಸತ್ತ ಮೊದಲಿಗಳು ಶೇಖಮ್ಮ. ಅರವತ್ತಮೂರು ವರ್ಷ.

ಆ ದಿನ ಕಸ್ತೂರಿಗೂ ರೋಗ ಹತ್ತಿ, ಚರ್ಚಿನ ಹಿಂದಿನ ಓಣಿಯ ಮನೆಯಲ್ಲಿ ಒಬ್ಬಳೇ ಬಿದ್ದಿದ್ದಳು. ಮಣ್ಣಿಗೆ ಹೋಗುವ ಹಾಗಿರಲಿಲ್ಲ. ಮುಖ ನೋಡುವ ಹಾಗಿರಲಿಲ್ಲ. ಗಂಟೆಯಾದರೂ ಎಣಿಸುತ್ತೇನೆಂದು ಮಧ್ಯಾಹ್ನವೆಲ್ಲ ಕಿಟಕಿಗೆ ಕಿವಿ ಕೊಟ್ಟಳು. ತರಕಾರಿ ಗಾಡಿಯವನು ಕೂಗಿದ. ಎಲ್ಲೋ ಯಾರೋ ಧಬ್ ಧಬ್ ಎಂದು ಒಂದೇ ಸಮನೆ ಹಾಸಿಗೆ ಬಡಿಯುತ್ತಿದ್ದರು. ಇವತ್ತೇ ಬಡಿಯಬೇಕಿತ್ತೇ ಎಂದು ಶಪಿಸಿದಳು. ಗಂಟೆ ಮಾತ್ರ ಬಾರಿಸಲಿಲ್ಲ.

"ಏ ಜೈವಂತಾ," ಬಾಗಿಲಿನಿಂದ ಸಾಯಬಮ್ಮ ಕರೆದಳು, "ಗಂಟಿ ಬಿಚ್ಚೋದು ಯಾವಾಗೋ? ನಾಳೆ ಮುಂಜಾನೆ ನಿಚ್ಚಣಿಕಿ ಹತ್ತಿಗೋತ ಕುಂಡ್ರತಿ ಏನ್?"

"ಬಿಚ್ಚೋದಾ?" ಕಸ್ತೂರಿ ತಿರುಗಿದಳು.

"ಅಯ್ಯ, ನಿನಗ ಹೇಳೇ ಇಲ್ಲೇನು ಇಂವಾ? ಮೂಗಬಸವಣ್ಣ."

ಕಸ್ತೂರಿ ಹೊರಗೆ ಬಂದು ಬಾಗಿಲ ಮೇಲಿನ ಕಮಾನಿನ ಕೆಳಗೆ ನಿಂತು ಕತ್ತೆತ್ತಿದಳು. ಗಂಟೆಯ ಬಾಯೊಳಗೆ, ಅದರ ನಾಲಗೆಗೆ ಏನೋ ಸುತ್ತಿ ಸೆಣಬಿನ ದಾರದಿಂದ ಬಿಗಿದಿತ್ತು. ಹಸಿರು. ಹಸಿರಿನ ನಡುವೆ ಹಳದಿ ಚುಕ್ಕಿ.

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಜೈವಂತ ಬಂದು ದೂರದಲ್ಲಿ, ಒಂದು ಸುಣ್ಣದ ಗುರುತಿನೊಳಗೆ ನಿಂತ.

"ಯಾಕ?" ಅಂದಳು.

"ಬಾರಿಸಿದ್ದೆ."

ಅವಳು ಮತ್ತೆ ಗಂಟೆಯ ಕಡೆ ನೋಡಿದಳು.

"ಮಣ್ಣ ಮುಗಿಸಿ ಬಂದು, ಮೈ ತೊಳಕೊಂಡು ಹತ್ತಿದೆ. ಅರವತ್ತಮೂರು. ಒಂದೂ ಬಿಟ್ಟಿಲ್ಲ."

ಹಾಸಿಗೆ ಬಡಿದ ಸದ್ದು. ಧಬ್... ಧಬ್... ಆಗ ಅವಳು ಅದನ್ನು ಎಣಿಸಿರಲಿಲ್ಲ. ಶಪಿಸಿದ್ದಳು.

"ಸುತ್ತಿದ್ದು ಯಾಕ? ಸುಮ್ಮನ ಬಾರಿಸಿದ್ರ ಏನಾಗ್ತಿತ್ತು?"

ಅವನು ಹೇಳಲೋ ಬೇಡವೋ ಎಂಬಂತೆ ಸಾಯಬಮ್ಮನ ಕಡೆ ನೋಡಿದ. ಮುದುಕಿ ಒರೆಸುವ ಬಟ್ಟೆ ಹಿಂಡುತ್ತ ತಾನೇ ಅಂದಳು: "ನೀನ ಹೇಳಿದ್ದಿಯಲ್ಲವ್ವಾ. ಸಾಮುವೇಲಪ್ಪ ಹೋದಾಗ ಗಂಟಿ ಕೇಳಿ ಊರ ಮಂದಿ ಕೂಡ್ತು. ಹದಿನಾಲ್ಕು ಮಂದಿ ಜಡ್ಡಿಗೆ ಬಿದ್ರು. ನೀ ದವಾಖಾನಿಯಿಂದ ಫೋನ್ ಹಚ್ಚಿ ಇಂವಗ ಬಾಯಿಗೆ ಬಂದಂಗ ಬೈದಿ. ನಾ ಇಲ್ಲೇ ನಿಂತಿದ್ದೆ. ಇನ್ನೊಮ್ಮೆ ಗಂಟಿ ಬಾರಿಸಿದ್ರ ನೋಡು, ನಮ್ಮವ್ವ ಸತ್ರೂ ಬಾರಿಸಬ್ಯಾಡ ಅಂದಿ."

ಕಸ್ತೂರಿ ನೆನಪು ಮಾಡಿಕೊಳ್ಳಲು ನೋಡಿದಳು. ಆ ದಿನಗಳಲ್ಲಿ ಎಷ್ಟು ಫೋನುಗಳು, ಎಷ್ಟು ಬೈಗುಳಗಳು... ಒಂದೂ ನೆನಪಿಗೆ ಬರಲಿಲ್ಲ. ಆದರೆ ಅದು ತನ್ನದೇ ಮಾತು ಎಂಬುದರಲ್ಲಿ ಅನುಮಾನವಿರಲಿಲ್ಲ.

"ನನಗ್ಯಾಕ ಹೇಳಲಿಲ್ಲ?"

"ಏನಂತ ಹೇಳಲಿ?" ಜೈವಂತನ ದನಿ ಮಾಸ್ಕಿನೊಳಗೇ ಉಳಿಯಿತು. "ನಿನ್ನ ಮಾತಿಂದನ ನಿಮ್ಮವ್ವಗ ಗಂಟಿ ಇಲ್ಲ ಅಂತನಾ? ಜ್ವರದಾಗ ಬಿದ್ದಿದ್ದಿ. ನನ್ನ ಮ್ಯಾಲ ಸಿಟ್ಟಾದ್ರ ಎದ್ದು ಓಡಾಡ್ತಿ. ನಿನ್ನ ಮ್ಯಾಲ ನಿನಗ ಸಿಟ್ಟು ಬಂದಿದ್ರ... ಏಳ್ತಿದ್ದಿಲ್ಲ."

ಅವಳು ಅಳಲಿಲ್ಲ. ಅಳು ಕೂಡ ಪಾಳಿ ಮುಗಿಸಿ ಎಲ್ಲೋ ಮಲಗಿತ್ತು. ಮೆಟ್ಟಿಲ ಮೇಲೆ ಕೈಯೂರಿ ಎದ್ದಳು.

"ನಿಚ್ಚಣಿಕಿ ಎಲ್ಲದ?"

"ನಾ ಹತ್ತತೀನಿ."

"ನಮ್ಮವ್ವನ ಕೌದಿ. ನಾನ ಬಿಚ್ಚತೀನಿ."

ಅವನು ಏಣಿ ತಂದು ಕೆಳಗೆ ಗಟ್ಟಿಯಾಗಿ ಹಿಡಿದ. ಮೇಲೆ ಅವಳು ಒಂದೊಂದೇ ಗಂಟು ಬಿಚ್ಚಿದಳು. ಹನ್ನೊಂದು ಗಂಟು. ಗುಮಾಸ್ತನ ಕೆಲಸ. ಕೌದಿಯ ನಡುವೆ, ಕಬ್ಬಿಣ ಬಡಿದ ಜಾಗದಲ್ಲಿ ಹಳದಿ ಚುಕ್ಕಿಯ ಬಟ್ಟೆ ಹರಿದು ನೂಲು ನೂಲಾಗಿತ್ತು. ಅರವತ್ತಮೂರು ಪೆಟ್ಟು ತಿಂದ ಬಟ್ಟೆ. ಅದನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದಳು.

"ಬಾರಿಸು," ಅಂದಳು.

ಅವನು ತಲೆಯೆತ್ತಿದ. 'ರೀ' ಹೋಗಿತ್ತು.

"ಈಗ? ಮಂದಿ ಕೂಡ್ತದ ಕಸ್ತೂರಿ."

"ಕೂಡಲಿ. ನೀ ಸುಣ್ಣ ಹಾಕಿಟ್ಟೀಯಲ್ಲ. ಗೇಟಿನಾಗ ನಾ ನಿಂತಿರ್ತೀನಿ."

ಹಗ್ಗ ಎಳೆದ. ಎಷ್ಟೋ ದಿನ ಸುಮ್ಮನಿದ್ದ ಗಂಟೆ ಮೊದಲ ಪೆಟ್ಟಿಗೆ ತನ್ನ ದನಿಯೇ ತನಗೆ ಗುರುತು ಸಿಗದಂತೆ ಒರಟಾಗಿ ಕೂಗಿತು. ಎರಡನೆಯದಕ್ಕೆ ಸರಿಹೋಯಿತು. ಆಮೇಲಿನ ಒಂದೊಂದೂ ಮಾಳಿಗೆಗಳನ್ನು ದಾಟಿ, ಮಲಗಿದ ಬುದ್ಧನಂತೆ ಕಾಣುವ ಗುಡ್ಡಕ್ಕೆ ತಾಗಿ ತಿರುಗಿ ಬಂತು.

ಇಪ್ಪತ್ತು ಆಗುವುದರೊಳಗೆ ಓಣಿಯ ಬಾಗಿಲುಗಳು ತೆರೆದವು. ಎದುರು ಮನೆಯ ಮದೀನಾಬೀ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೇಟಿಗೆ ಬಂದಳು.

"ಯಾರು ಹೋದ್ರವ್ವಾ?"

"ನಮ್ಮವ್ವ."

"ಶೇಖಮ್ಮಕ್ಕ ಹೋಗಿ ಎರಡು ತಿಂಗಳ ಮ್ಯಾಲಾತಲ್ಲ?"

"ಹೂಂ ಚಾಚಿ. ನನಗ ಇವತ್ತು ಕೇಳಸ್ತು. ಹಣಿ ತೋರಸ್ರಿ."

ಮದೀನಾಬೀ ಹಣೆ ತೋರಿಸಿದಳು. ಒಂದು ಗುರುತಿನೊಳಗೆ ಹೋಗಿ ನಿಂತು ಕೈಗಳನ್ನು ಮುಂದೆ ಚಾಚಿ ದುವಾ ಮಾಡಿದಳು. ಅವಳ ಹಿಂದೆ ಹಣಮಂತಮ್ಮ. ಅವಳ ಹಿಂದೆ ಸಭೆಯವರು, ಸಭೆಯವರಲ್ಲದವರು. ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ. ಒಬ್ಬೊಬ್ಬರೂ ಒಂದೊಂದು ದುಂಡಿನೊಳಗೆ ನಿಂತು ತುಟಿ ಅಲುಗಿಸದೆ ಎಣಿಸಿದರು. ಮೂವತ್ತನೆಯವರ ನಂತರ ಕಸ್ತೂರಿ ಗೇಟು ಹಾಕಿದಳು. ಉಳಿದವರು ರಸ್ತೆಯಲ್ಲೇ ಬಿಡಿಬಿಡಿಯಾಗಿ ನಿಂತರು.

ಅರವತ್ತೊಂದು. ಅರವತ್ತೆರಡು.

ಅರವತ್ತಮೂರು.

ಆಗ ಅವಳಿಗೆ ಅಳು ಬಂತು. ನಿಂತುಕೊಂಡೇ, ಮಾಸ್ಕು ಒದ್ದೆಯಾಗುವಷ್ಟು ಅತ್ತಳು. ಅತ್ತು ಮುಗಿಸಿ ಬ್ಯಾಗಿನಿಂದ ಬೇರೆ ಮಾಸ್ಕು ತೆಗೆದು ಹಾಕಿಕೊಂಡಳು.

ಜನ ಚದುರಿದ ಮೇಲೆ ಜೈವಂತ ಅಂಗೈ ನೀವಿಕೊಳ್ಳುತ್ತ ಬಂದು ಮತ್ತೆ ಆರು ಫೂಟು ದೂರದಲ್ಲೇ ನಿಂತ. ಹಗ್ಗ ಉಜ್ಜಿ ಚರ್ಮ ಕೆಂಪಾಗಿತ್ತು.

"ನಾಳೆ ಬಾಗಿಲಾ ತೆಗಿಲೇನು?" ಅಂದ.

"ತೆಗಿ."

"ಅಯ್ಯನವ್ರಿಗೆ ಹೇಳ್ತೀನಿ." ಜೇಬಿನಿಂದ ಚೀಟಿ ತೆಗೆದು ಓದಿದ. ಓದಬೇಕಾಗಿರಲಿಲ್ಲ. "ಇಲ್ಲೊಂದು ನಿಯಮ ಬರಿಸೀದಿ. ಒಂದ ಮನಿಯವ್ರು ಕೂಡಿ ಕುಂಡ್ರಬಹುದು ಅಂತ."

"ಹೂಂ."

"ನಾವು ಇನ್ನಾ ಒಂದ ಒಲಿ ಮ್ಯಾಲಿನ ಅನ್ನ ಉಂಡಿಲ್ಲ."

ಕಸ್ತೂರಿ ಹೆಗಲಿನ ಕೌದಿ ಇಳಿಸಿ ಹರಿದ ಜಾಗಕ್ಕೆ ಬೆರಳು ತೂರಿಸಿದಳು. ಇದನ್ನು ಹೊಲಿಯಲು ಒಂದು ತುಂಡು ಬಟ್ಟೆ ಬೇಕು. ಅವನ ಹಳೆಯ ಅಂಗಿ ಯಾವುದಾದರೂ ಇದ್ದೀತು.

"ಮುಂಜಾನಿಯಿಂದ ಏನೂ ಉಂಡಿಲ್ಲ ನಾ," ಅಂದಳು. "ನಿಮ್ಮ ಮನ್ಯಾಗ ಅನ್ನ ಏನರ ಅದ?"

"ಬಿಸಿ ಮಾಡಬೇಕಾಗ್ತದ."

"ಮಾಡು. ಮೊದಲ ಕೈ ತೊಳಿ."