ಲೋಟ ಮುಟ್ಟದೆ ಹೋದವನು

ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಹುಣಸೂರಿನ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಸುನೀಲ್‌ಕುಮಾರ್ ತನ್ನ ಆಸ್ಪತ್ರೆಯ ಪುಸ್ತಕ ಚಾಚಿದ. ಒಳಗಿನಿಂದ ಕೈ ನೀಡಿದವಳು ಸಂಘಮಿತ್ರ.

‘ಇವನಾ...!’

ಪಿಯುಸಿಯ ಎರಡು ವರ್ಷ ಇಬ್ಬರದೂ ಒಂದೇ ಬಸ್ಸು. ಕಿಟಕಿ ಪಕ್ಕದ ಸೀಟು ಹಿಡಿದಿಟ್ಟು, ಗಾವಡಗೆರೆಯಲ್ಲಿ ಅವಳು ಹತ್ತಿದೊಡನೆ ಏನೂ ಗೊತ್ತಿಲ್ಲದವನಂತೆ ಎದ್ದು ನಿಲ್ಲುತ್ತಿದ್ದ. ಒಂದು ದಿನವೂ ಮಾತಿಲ್ಲ. ಆ ಬೆಳಗುಗಳನ್ನು ಅವಳು ಮರೆತಿರಲಿಲ್ಲ...

ಎರಡು ವರ್ಷದ ಹಿಂದೆ ಅವನೇ ಹೆಣ್ಣು ನೋಡಲು ಬಂದಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಆದರೆ ಅವಳು ತಂದಿಟ್ಟ ಕಾಫಿಯನ್ನು ಅವನು ಮುಟ್ಟಲೇ ಇಲ್ಲ. ಅವರು ಹೋದ ಮೇಲೆ ಸೋದರತ್ತೆ ಚಿಕ್ಕಸಿದ್ದಮ್ಮ ಲೋಟ ಎತ್ತಿ ತೋರಿಸಿದ್ದರು.

“ಬಾಯಿಗೇ ಇಕ್ನಿಲ್ಲ ಕಣವ್ವ! ಹೆಣ್ಣು ಬ್ಯಾಡ ಅಂತ ಇನ್ನೆಂಗೆ ಹೇಳಾರು?”

ಅವಳ ಮನೆಯಲ್ಲಿ ರೂಢಿ ಹಾಗಿತ್ತು. ಒಪ್ಪದವರು ಬಾಯಿಬಿಟ್ಟು ಹೇಳುವುದಿಲ್ಲ, ಕಾಫಿ ಬಿಟ್ಟು ಏಳುತ್ತಾರೆ. ಅಪ್ಪ ಅಂಕಯ್ಯ ಆಮೇಲೆ ಗಂಡಿನ ಕಡೆಯವರ ಫೋನ್ ಎತ್ತಲಿಲ್ಲ. ಈಗ ಕೆ.ಆರ್. ನಗರದಿಂದ ಬೇರೊಂದು ಸಂಬಂಧ ಬಂದಿತ್ತು. ಇವತ್ತು ಸಂಜೆ ಅಪ್ಪ ಮಾತು ಕೊಡುವವರಿದ್ದರು.

ಅವಳು ಪುಸ್ತಕ ತೆರೆದಳು. ಫ್ಲುವೊಕ್ಸಮೈನ್. ಖಿನ್ನತೆಯ ಮಾತ್ರೆ. ಶುರುವಾದ ದಿನಾಂಕ... ಅವನು ಹೆಣ್ಣು ನೋಡಲು ಬಂದ ಭಾನುವಾರಕ್ಕೆ ಹತ್ತು ದಿನ ಮೊದಲು!

ಅವಳು ದಿನಾಂಕವನ್ನು ಮತ್ತೊಮ್ಮೆ ಓದಿದಳು. ಈ ಮಾತ್ರೆ ನುಂಗುವವರ ಮೈಯಲ್ಲಿ ಕಾಫಿಯ ಕೆಫೀನ್ ಬೇಗ ಕರಗುವುದಿಲ್ಲ. ಕೆಲವು ಗಂಟೆಗಳಲ್ಲಿ ಇಳಿಯಬೇಕಾದದ್ದು ದಿನಗಟ್ಟಲೆ ಉಳಿಯುತ್ತದೆ. ಅದನ್ನು ಓದಿಯೇ ಅವಳು ಫಾರ್ಮಸಿಸ್ಟ್ ಆಗಿದ್ದಳು.

“ಅವತ್ತು ಕಾಫಿ...” ದನಿ ತಗ್ಗಿಸಿದಳು.

“ಡಾಕ್ಟ್ರು ಬ್ಯಾಡ ಅಂದಿದ್ರು ಕಣ್ರೀ. ಕೇಳ್ದೆ ಒಂದಿನ ಎರಡು ಲೋಟ ಕುಡ್ದು, ಎದೆ ಹೊಡ್ಕಂಡು ಕೈಯೆಲ್ಲ ನಡುಗ್ತು.”

“ಹೇಳ್ಬೋದಿತ್ತಲ್ವಾ!”

“ಅಣ್ಣ ತೀರ್ಕಂಡ ಮೇಲೆ ಇವನಿಗೆ ತಲೆ ಕೆಟ್ಟೈತೆ ಅಂತ ಊರೆಲ್ಲ ಆಡ್ಕತಿತ್ತು. ನಿಮ್ಮಪ್ಪಾರ ಮುಂದೆ ಮಾತ್ರೆ ವಿಷ್ಯ ಎತ್ತಕ್ಕೆ ಧೈರ್ಯ ಬರ್ನಿಲ್ಲ. ಆಮೇಲೆ ಫೋನೂ ಎತ್ನಿಲ್ಲ. ನೀವೇ ಬ್ಯಾಡ ಅಂದ್ರಿ ಅನ್ಕಂಡೆ.”

ಅವಳ ಕಣ್ಣು ತುಂಬಿತು. ‘ನಾನು ಬೇಡ ಅಂದೆನಾ...!’

“ಈಗ್ಲೂ ನುಂಗ್ತಾ ಇವ್ನಿ,” ಎಂದ ಅವನು, ತಲೆ ಎತ್ತದೆ. “ಗೊತ್ತಾದ ಮೇಲೂ... ಒಪ್ತೀರಾ?”

“ದಿನಾ ಇದೇ ಮಾತ್ರೆ ಹತ್ತು ಜನಕ್ಕೆ ಕೊಡ್ತೀನಿ. ನನ್ನ ಹೆದರಿಸ್ತೀಯೇನೋ, ಪೆದ್ದು?”

ಅವನು ತಲೆ ಎತ್ತಿದ.

“ಏನಂದ್ರಿ?”

“ಪೆದ್ದು ಅಂದೆ.”

“ಇನ್ನೊಂದ್ಸಲ ಅನ್ನಿ.”

ಅವಳು ಕಣ್ಣೊರೆಸಿಕೊಂಡು, ಅವನ ಎದುರೇ ಅಪ್ಪನಿಗೆ ಫೋನ್ ಮಾಡಿ, ಸಂಜೆ ಮಾತು ಕೊಡಬೇಡಿ ಎಂದಳು.

ಏಪ್ರಿಲ್ ಕೊನೆಯ ವಾರ ಹುಣಸೂರಿನಲ್ಲಿ ಅವರ ಮದುವೆಯಾಯಿತು.