ಏಳನೇ ಸಾಲಿನ ಕೆಂಪು ದಾರ

"ಕೈ ತೋರಿಸಿ!"

ಪಾಲಿಹೌಸಿನ ಬಾಗಿಲಿಗೆ ಅಡ್ಡ ನಿಂತವಳ ದನಿಗೆ ಅವನು ತಬ್ಬಿಬ್ಬಾದ. ಬೀಜದ ಕಂಪನಿ ಕಳಿಸಿದ ಹೊಸ ಸಲಹೆಗಾರ ಅವನು. ಬಂದ ಮೊದಲ ದಿನವೇ ಈ ಮರ್ಯಾದೆ!

ಅವನು ಚಾಚಿದ ಬೆರಳುಗಳನ್ನು ಅವಳು ಬಗ್ಗಿ ಮೂಸಿದಳು. ಅವನ ಎದೆ ಡವಡವ... ಅವಳಿಗೋ ಮೂಗಿನ ತುದಿಯಲ್ಲೇ ಕೋಪ.

"ಸಿಗರೇಟು! ಹೊಗೆಸೊಪ್ಪಿನ ನಂಜುರೋಗ ಬೆರಳಿಂದ ಗಿಡಕ್ಕೆ ಹತ್ತುತ್ತೆ ಅಂತ ನಿಮಗೆ ನಾನು ಹೇಳ್ಕೊಡ್ಬೇಕಾ? ಹೋಗಿ, ಸೋಪು ಹಾಕಿ ತೊಳ್ಕೊಂಡು ಬನ್ನಿ!"

ಮೂರು ಸಲ ತೊಳೆದ ಮೇಲೆ ಒಳಗೆ ಬಿಟ್ಟಳು.

ಅವಳ ಭಯಕ್ಕೆ ಕಾರಣವಿತ್ತು. ಅದು ಹೊಸ ಹೈಬ್ರಿಡ್ ಟೊಮೇಟೊ, ಕಿತ್ತು ಎಂಟು ದಿನವಾದರೂ ಮೆತ್ತಗಾಗದ ಹಣ್ಣು. "ಬೇಡ" ಎಂದ ಇಡೀ ಮನೆಯನ್ನು ಎದುರು ಹಾಕಿಕೊಂಡು ಅವಳು ಬೆಳೆಸಿದ ಮೊದಲ ಬೆಳೆ. ನಂಜು ಹರಡಿದರೆ ಒಂದು ಗಿಡವೂ ಉಳಿಯುವಂತಿರಲಿಲ್ಲ.

ಆಮೇಲೆ ಪ್ರತಿ ಮಂಗಳವಾರ ಅವಳು ಕೇಳುವ ಮೊದಲೇ ಅವನು ಕೈ ಚಾಚುತ್ತಿದ್ದ.

"ಪಾಸಾ?"

"ಪಾಸು."

ಅಷ್ಟೇ ಮಾತು. ಆದರೆ ಮಂಗಳವಾರ ಬೆಳಿಗ್ಗೆ ಅವಳು ಎರಡೆರಡು ಸಲ ತಲೆ ಬಾಚಿಕೊಳ್ಳುತ್ತಿದ್ದಳು. ಈ ಗಿಡದ ಡಾಕ್ಟ್ರು ಬರಬರುತ್ತಾ ಶುಕ್ರವಾರವೂ ಬರತೊಡಗಿದಾಗ, ಅವಳ ಅಪ್ಪ ಮೀಸೆಯಡಿ ನಗುತ್ತಿದ್ದ.

ಕೊಯ್ಲಿಗೆ ಎಂಟೇ ದಿನವಿದ್ದಾಗ ಏಳನೇ ಸಾಲಿನ ಎಲೆಗಳಲ್ಲಿ ಹಳದಿ ಮಚ್ಚೆ ಕಂಡಿತು. ಅವಳು ತಕ್ಷಣ ಅವನನ್ನು ಕರೆಸಿದಳು.

ಎರಡು ವಾರದ ಹಿಂದೆ, ಅವಳು ಕ್ರೇಟು ತರಲು ಹೋಗಿದ್ದ ದಿನ, ಅದೇ ಸಾಲಿಗೆ ಅವನು ಕೆಂಪು ದಾರ ಕಟ್ಟಿದ್ದ. 'ಏನೋ ಪರೀಕ್ಷೆ ಇದೆ, ಯಾರೂ ಮುಟ್ಟಬೇಡಿ' ಎಂದಿದ್ದ.

'ಅಂದರೆ... ಇವರಿಗೆ ಮೊದಲೇ ಗೊತ್ತಿತ್ತು!'

"ನೀವೇ ತಾನೆ ನಂಜು ತಂದಿದ್ದು? ಮುಚ್ಚಿಡೋಕೆ ದಾರ ಕಟ್ಟಿದ್ರಿ! ಮಾತಾಡಿ!"

ಅವನು ಬಾಗಿಲಾಚೆ ಇದ್ದ ಅವಳ ಅಪ್ಪನನ್ನೊಮ್ಮೆ ನೋಡಿದ. ಅಪ್ಪ ತಲೆ ತಗ್ಗಿಸಿದ.

"ಈ ಸಾಲನ್ನ, ಅಕ್ಕಪಕ್ಕದ ಸಾಲುಗಳನ್ನ ಇವತ್ತೇ ಕಿತ್ತು ಸುಟ್ಟುಬಿಡಿ. ಉಳಿದದ್ದು..."

"ಸಾಕು! ಇನ್ನು ಈ ಕಡೆ ಕಾಲಿಡಬೇಡಿ!"

ಅವನು ಹೋದ. ಅವಳು ಅಳುತ್ತಲೇ ಕಾಯಿ ತುಂಬಿದ ಗಿಡಗಳನ್ನು ಕಿತ್ತು ಚೀಲಕ್ಕೆ ತುಂಬಿದಳು. ಅಪ್ಪ ಬಾಗಿಲಾಚೆಯೇ ನಿಂತಿದ್ದ.

"ನೀನ್ಯಾಕಪ್ಪ ಅಲ್ಲೇ ನಿಂತೆ?"

ಅಪ್ಪ ಜೇಬಿನಿಂದ ನಶ್ಯದ ಡಬ್ಬಿ ತೆಗೆದ.

"ನಶ್ಯ ಬಿಟ್ಟಿದ್ದೀನಿ ಅಂದಿದ್ದು ಸುಳ್ಳು ಮಗಳೇ... ನೀನು ಕ್ರೇಟು ತರೋಕೆ ಹೋದ ದಿನ ನಿಂಗೆ ಕೆಲಸ ಹಗುರಾಗ್ಲಿ ಅಂತ ಈ ಸಾಲಿನ ಕುಡಿ ಚಿವುಟಿದ್ದು ನಾನು. ಡಾಕ್ಟ್ರು ನೋಡಿದ್ರು. 'ನೀವೇ ಮಗಳಿಗೆ ಹೇಳಿ' ಅಂದ್ರು. ನಿನ್ನ ಮುಖ ನೋಡಿದ್ರೆ ಬಾಯೇ ಬರ್ಲಿಲ್ಲ."

ಅವಳು ಕಿತ್ತ ಗಿಡಗಳ ನಡುವಿಂದ ಕೆಂಪು ದಾರವನ್ನು ಎತ್ತಿಕೊಂಡಳು. ಆ ದಾರ ಇಲ್ಲದಿದ್ದರೆ? ಆಳುಗಳ ಕೈಯಿಂದ ಅದು ಅಷ್ಟೂ ಸಾಲಿಗೆ ಹರಡಿರುತ್ತಿತ್ತು!

ಆಮೇಲಿನ ಎಂಟು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ನೋಡಿದಳು. 'ಇವತ್ತಿಲ್ಲ... ನಾಳೆ ಬಂದರೆ?' ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟಳು. ಯಾವ ಮುಖ ಇಟ್ಟುಕೊಂಡು ಕರೆಯುವುದು?

ಹೊಸ ಮಚ್ಚೆ ಕಾಣಲಿಲ್ಲ. ಒಂಬತ್ತನೇ ದಿನ ಮೊದಲ ಕ್ರೇಟು ತುಂಬಿದಾಗ ಧೈರ್ಯ ಮಾಡಿ ಕರೆದೇಬಿಟ್ಟಳು.

ಅವನು ಬಂದ. ಬಾಗಿಲಾಚೆ ನಿಂತ. ಈ ಸಲ ಕೈ ಚಾಚಲಿಲ್ಲ.

ಅವಳೇ ತನ್ನೆರಡೂ ಕೈ ಚಾಚಿದಳು. ಗಿಡ ಮುಟ್ಟಿ ಮುಟ್ಟಿ ಕಪ್ಪುಹಸಿರು ಅಂಟು ಮೆತ್ತಿದ ಕೈ.

"ತಪ್ಪಾಯ್ತು. ನಂದು... ಪಾಸಾ?"

ಅವನು ಆ ಕೈಗಳನ್ನು ಹಿಡಿದುಕೊಂಡ; ಅವಳೂ ಅವನ ಬೆರಳುಗಳನ್ನು ಬಿಗಿಹಿಡಿದಳು. ಅವಳ ಕಣ್ಣು ತುಂಬಿ ಬಂತು.

"ಆದ್ರೆ ನೀವು ಮಾಡಿದ್ದೂ ತಪ್ಪೇ! ನಂಗೆ ಹೇಳ್ಬೇಕಿತ್ತು. ಬೆಳೆ ಪೂರ್ತಿ ಹೋಗಿದ್ರೆ?"

"ಹೇಳ್ಬೇಕಿತ್ತು. ಅಪ್ಪನ ಮೇಲೆ ನಿಮಗಿರೋ ನಂಬಿಕೆ ಮುರಿಯೋಕೆ ಮನಸ್ಸು ಬರ್ಲಿಲ್ಲ. ಆ ಎರಡು ವಾರ ನಿದ್ದೇನೇ ಮಾಡಿಲ್ಲ ನಾನು."

"ಇನ್ಮೇಲೆ ಏನೂ ಮುಚ್ಚಿಡೋ ಹಾಗಿಲ್ಲ."

"ಇಲ್ಲ."

"ಹಾಗಾದ್ರೆ ಹೇಳಿ, ಶುಕ್ರವಾರ ಯಾಕೆ ಬರ್ತಿದ್ರಿ?"

"ಗಿಡ ನೋಡೋಕಲ್ಲ. ನಿಮ್ಮನ್ನ ನೋಡೋಕೆ."

ಅವಳ ಮುಖ ಕೆಂಪಾಯಿತು.

"ಸಿಗರೇಟು?"

"ನೀವು ಬೆರಳು ಮೂಸಿದ ದಿನವೇ ಬಿಟ್ಟೆ."

"ಸರಿ... ಸೋಪು ಅಲ್ಲಿದೆ. ತೊಳ್ಕೊಂಡು ಒಳಗೆ ಬನ್ನಿ."

"ನೀವು ಕೈ ಬಿಟ್ರೆ ತಾನೆ ತೊಳ್ಕೊಳ್ಳೋದು?"

"ಇರ್ಲಿ ಬಿಡಿ," ಎಂದಳು ಅವಳು, "ಇನ್ನೂ ಸ್ವಲ್ಪ ಹೊತ್ತು..."